ಕಾಯಕವನ್ನು ಬದಲಿಸಬಹುದೆ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಷ್ಟಲಿಂಗ ಪೂಜೆಯ ಕ್ರಮ, ದೀಕ್ಷೆಯ ವಯಸ್ಸು, ಗೃಹಪ್ರವೇಶದ ವಿಧಿ ಮೊದಲಾದವನ್ನು ಕುರಿತ ಪ್ರಶ್ನೆಗಳೇ ಅಧಿಕ. ಈ ತಿಂಗಳು ಕೈಸೇರಿದ ಎರಡು ಪತ್ರಗಳು ಬೇರೊಂದು ಬಗೆಯವು. ಎರಡೂ ಉದ್ಯೋಗವನ್ನೂ ಓದನ್ನೂ ಕುರಿತವು. ಎರಡರಲ್ಲಿಯೂ ಮನೆಯವರ ಮನಸ್ಸು ಇಬ್ಭಾಗವಾಗಿರುವುದು ಸಾಲುಸಾಲಿನಲ್ಲಿ ಕಾಣುತ್ತದೆ. ಬರೆದವರ ಹೆಸರು, ಊರುಗಳನ್ನು ಹೇಳುವುದಿಲ್ಲ. ವಿಷಯವು ಎಷ್ಟೋ ಮನೆಗಳದ್ದಾಗಿರುವುದರಿಂದ ಖಾಸಗಿಯಾಗಿ ಉತ್ತರಿಸದೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲನೆಯ ಪತ್ರ 38 ವರ್ಷದ ಒಬ್ಬ ಗೃಹಸ್ಥರದು. ಬಿ.ಎಸ್ಸಿ. ಪದವೀಧರರು, 13 ವರ್ಷಗಳಿಂದ ಒಂದು ಔಷಧ ಕಂಪನಿಯ ಮಾರಾಟ ಪ್ರತಿನಿಧಿಗಳು. ಚೀಲ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು, ವೈದ್ಯರ ಬಾಗಿಲಲ್ಲಿ ಕಾಯುವುದು, ತಿಂಗಳ ಕೊನೆಗೆ ಇಂತಿಷ್ಟು ಮಾಲು ಖರ್ಚಾಗಲೇಬೇಕೆಂಬ ಒತ್ತಡ. ಇದೆಲ್ಲ ಅವರಿಗೆ ಭಾರವಲ್ಲವಂತೆ. ‘ಔಷಧ ಒಳ್ಳೆಯದೆಂದು ನಾನು ಹೇಳುವುದಕ್ಕಿಂತ ವೈದ್ಯರಿಗೆ ಏನು ಕೊಟ್ಟೆ ಎಂಬುದರ ಮೇಲೆ ವ್ಯಾಪಾರ ನಿಂತಿದೆ. ರಾತ್ರಿ ಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ’ ಎಂದು ಬರೆದಿದ್ದಾರೆ. ಕೆಲಸ ಬಿಟ್ಟು ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಬೇಕೆಂಬುದು ಅವರ ಇಚ್ಛೆ. ಪತ್ರದ ಕೊನೆಯಲ್ಲಿ ಅವರ ತಂದೆಯವರು ತಮ್ಮದೇ ಕೈಬರಹದಲ್ಲಿ ನಾಲ್ಕು ಸಾಲು ಸೇರಿಸಿದ್ದಾರೆ: ಮಗನಿಗೆ ಕಾಯಕದ ಮಹತ್ವವನ್ನು ತಾವಾದರೂ ತಿಳಿಸಿ ಹೇಳಬೇಕು, ಹಿಡಿದ ಕಾಯಕವನ್ನು ನಡುವೆ ಬಿಡುವುದು ಶರಣರಿಗೆ ಒಪ್ಪಿಗೆಯಲ್ಲವೆಂದು ಬರೆಯಬೇಕು, ಎಂದು.

ಎರಡನೆಯ ಪತ್ರ 43 ವರ್ಷದ ತಾಯಿಯೊಬ್ಬರದು. ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ 2002ರಲ್ಲಿ ಮದುವೆಯಾಯಿತು. ಓದು ಅಲ್ಲಿಗೆ ನಿಂತಿತು. ಈಗ ಮಗಳು ಎಂಜಿನಿಯರಿಂಗ್ ಮುಗಿಸುವ ಹಂತದಲ್ಲಿದ್ದಾಳೆ, ಮಗ ಪಿ.ಯು.ಸಿ.ಯಲ್ಲಿದ್ದಾನೆ. ನಿಂತ ಓದನ್ನು ಮುಂದುವರಿಸುವ ಆಸೆಯನ್ನು ಮನೆಯಲ್ಲಿ ಹೇಳಿದಾಗ ಯಜಮಾನರು ಸುಮ್ಮನಿದ್ದರಂತೆ. ಅತ್ತೆಯವರು ಮಾತ್ರ, ‘ಈ ವಯಸ್ಸಿನಲ್ಲಿ ಓದಿ ಯಾವ ನೌಕರಿಗೆ ಹೋಗುವುದಿದೆ?’ ಎಂದರಂತೆ. ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿಲ್ಲವೆಂದು ಬರೆದಿದ್ದಾರೆ.

ತಂದೆಯವರ ಆ ನಾಲ್ಕು ಸಾಲುಗಳಿಂದಲೇ ಆರಂಭಿಸುತ್ತೇನೆ. ಏಕೆಂದರೆ ಅವು ಅವರೊಬ್ಬರ ಮಾತಲ್ಲ. ಕಾಯಕವೆಂಬ ಪದ ಇಂದು ಬಸ್ಸು ಲಾರಿಗಳ ಹಣೆಯ ಮೇಲೆ, ಕಚೇರಿಗಳ ಗೋಡೆಯ ಮೇಲೆ, ಮದುವೆಯ ಕರೆಯೋಲೆಗಳಲ್ಲಿ ಎಲ್ಲೆಲ್ಲಿಯೂ ಕಾಣಿಸುತ್ತದೆ. ಹಾಗೆ ಕಂಡು ಕಂಡು ಅದರ ಅರ್ಥ ಸವೆದಿದೆ. ‘ಇದ್ದ ಕೆಲಸವನ್ನು ಮರುಮಾತಾಡದೆ ಮಾಡಿಕೊಂಡಿರು’ ಎಂಬುದಕ್ಕೆ ಅದು ಪರ್ಯಾಯಪದವಾಗಿ ಬಳಕೆಯಾಗುತ್ತಿದೆ. ಮಾಲೀಕನು ಕೂಲಿಯವನಿಗೆ, ಮೇಲಧಿಕಾರಿ ಗುಮಾಸ್ತನಿಗೆ, ತಂದೆ ಮಗನಿಗೆ ಹೀಗೆಯೇ ಹೇಳುತ್ತಾರೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಈ ಪದಕ್ಕೆ ಬಂದ ಶಕ್ತಿಯು ಇದರ ವಿರುದ್ಧ ದಿಕ್ಕಿನಿಂದ ಬಂದುದು.

ಅಂದಿನ ಸಮಾಜದಲ್ಲಿ ಹುಟ್ಟೇ ಉದ್ಯೋಗವನ್ನು ನಿರ್ಣಯಿಸುತ್ತಿತ್ತು. ನೇಕಾರನ ಮಗ ನೇಕಾರ, ಅಂಬಿಗನ ಮಗ ಅಂಬಿಗ, ಅದನ್ನು ಮೀರುವುದು ಧರ್ಮದ್ರೋಹ. ಈ ಕಟ್ಟಿನಲ್ಲಿ ಮೇಲುಕೀಳುಗಳೂ ಸೇರಿದ್ದವು. ಶರಣರು ಮಾಡಿದ್ದೇನು? ದುಡಿಮೆಯಿಂದ ಹುಟ್ಟಿನ ಮುದ್ರೆಯನ್ನು ಅಳಿಸಿದರು. ದುಡಿಮೆ ಸತ್ಯಶುದ್ಧವಾಗಿರಬೇಕು, ಅದರ ಫಲ ಗುರು ಲಿಂಗ ಜಂಗಮದ ದಾಸೋಹಕ್ಕೆ ಸಲ್ಲಬೇಕು, ತನ್ನ ಹೊಟ್ಟೆಗೂ ಮನೆಗೂ ಬೇಕಾದುದಕ್ಕಿಂತ ಹೆಚ್ಚಿನದನ್ನು ಬಯಸಬಾರದು. ಅವರು ಹಾಕಿದ ನಿಬಂಧನೆಗಳು ಇವು. ಯಾವ ಕೆಲಸ ಎಂಬುದಕ್ಕೆ ನಿಬಂಧನೆಯಿಲ್ಲ. ಎಷ್ಟು ವರ್ಷ ಎಂಬುದಕ್ಕಂತೂ ಇಲ್ಲವೇ ಇಲ್ಲ. ಮಡಿವಾಳ, ಮೇದಾರ, ಅಂಬಿಗ, ಹಡಪದ ಎಂಬ ವಿಶೇಷಣಗಳು ಶರಣರ ಹೆಸರಿನ ಹಿಂದೆ ಇರುವುದನ್ನು ಕಂಡು ಅವು ಜನ್ಮಾಂತರದ ಕಟ್ಟುಗಳೆಂದು ಭ್ರಮಿಸುವುದು ಸಲ್ಲದು. ಹುಟ್ಟಿನ ಕಟ್ಟನ್ನು ಹರಿದವರ ಮಾತನ್ನೇ ಹಿಡಿದು ನಮ್ಮ ಮಕ್ಕಳಿಗೆ ಹೊಸದೊಂದು ಕಟ್ಟು ಹಾಕುವುದಾದರೆ ಕಲ್ಯಾಣದ ಕಥೆಯನ್ನು ನಾವು ಎಂಟು ನೂರು ವರ್ಷಗಳ ಕಾಲ ಕೇಳಿದ್ದು ಯಾವ ಸಾರ್ಥಕಕ್ಕೆ?

ಶರಣರ ಚರಿತ್ರೆಗಳನ್ನೇ ತೆಗೆದುಕೊಳ್ಳಿ. ಬಸವಣ್ಣನವರು ಕೂಡಲಸಂಗಮದಲ್ಲಿ ವಿದ್ಯಾರ್ಥಿ, ಮಂಗಳವಾಡದಲ್ಲಿ ಕರಣಿಕ, ಕಲ್ಯಾಣದಲ್ಲಿ ಭಂಡಾರಿ. ಮೋಳಿಗೆಯ ಮಾರಯ್ಯನವರು ಪರಂಪರೆಯ ಪ್ರಕಾರ ಕಾಶ್ಮೀರದ ಅರಸರು. ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜೀವಿಸಿದರು. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಹಳೆಯ ವೃತ್ತಿ ಉಳಿದಿದೆ. ಕನ್ನ ಕೊರೆಯುತ್ತಿದ್ದವರು ಶರಣರಾದರು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಲೋಕದ ಅಳತೆಗೋಲಿನಿಂದ ನೋಡಿದರೆ ಮಾರಯ್ಯನವರದು ಇಳಿಕೆ, ಬಸವಣ್ಣನವರದು ಏರಿಕೆ. ಶರಣರ ಗೋಷ್ಠಿಯಲ್ಲಿ ಆ ಅಳತೆಗೋಲಿಗೆ ಬೆಲೆಯಿರಲಿಲ್ಲ. ಇಂದಿನ ತಂದೆತಾಯಿಗಳು ಮಗ ಕೆಲಸ ಬದಲಿಸುತ್ತೇನೆಂದರೆ ಮೊದಲು ಕೇಳುವುದು ‘ಸಂಬಳ ಎಷ್ಟು ಹೆಚ್ಚು?’ ಎಂದು. ಹೆಚ್ಚೆಂದರೆ ಕಾಯಕನಿಷ್ಠೆಯ ಮಾತೇ ಬರುವುದಿಲ್ಲ. ಕಡಿಮೆಯೆಂದರೆ ಮಾತ್ರ ಶರಣರ ನೆನಪಾಗುತ್ತದೆ! ಇದನ್ನು ಹೇಳುವಾಗ ಆ ಹಿರಿಯರೊಬ್ಬರನ್ನೇ ಕುರಿತು ಹೇಳುತ್ತಿಲ್ಲ.

ಉರಿಲಿಂಗಪೆದ್ದಿಯವರ ಚರಿತ್ರೆ ಈ ಪ್ರಸಂಗಕ್ಕೆ ಇನ್ನೂ ಹತ್ತಿರದ್ದು. ಹುಟ್ಟಿನಿಂದ ಅಸ್ಪೃಶ್ಯರೆನಿಸಿದ್ದ ಅವರು ಕಳ್ಳತನದಿಂದ ಬದುಕುತ್ತಿದ್ದರೆಂದೂ, ಕಳವಿಗೆಂದು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ನೀಡುತ್ತಿದ್ದುದನ್ನು ಮರೆಯಲ್ಲಿ ನಿಂತು ನೋಡಿದರೆಂದೂ, ಅಂದಿನಿಂದ ಮನಸ್ಸು ತಿರುಗಿ ಗುರುವಿನ ಮನೆಗೆ ಕಟ್ಟಿಗೆಯ ಹೊರೆ ತಂದು ಹಾಕತೊಡಗಿದರೆಂದೂ ಪರಂಪರೆ ಹೇಳುತ್ತದೆ. ಮುಂದೆ ಅವರು ದೀಕ್ಷೆ ಪಡೆದರು, ಶಾಸ್ತ್ರಗಳನ್ನು ಓದಿದರು, ಗುರುಪೀಠದ ಅಧಿಕಾರಿಗಳೂ ಆದರು. ಅವರ ವಚನಗಳನ್ನು ಓದಿದವರಿಗೆ ಗೊತ್ತು, ಸಂಸ್ಕೃತದ ಉದ್ಧರಣೆಗಳು ಅಷ್ಟು ದಟ್ಟವಾಗಿ ಬರುವುದು ಕೆಲವೇ ವಚನಕಾರರಲ್ಲಿ. ಬಾಲ್ಯದಲ್ಲಿ ಅಕ್ಷರದ ಬಾಗಿಲನ್ನೇ ಕಾಣದ ಮನುಷ್ಯ ಪ್ರಾಯ ಬಂದ ಮೇಲೆ ಅಷ್ಟನ್ನು ಅರಗಿಸಿಕೊಳ್ಳಬೇಕಾದರೆ ಎಷ್ಟು ಇರುಳುಗಳು ಉರಿದಿರಬೇಕು! ಚರಿತ್ರಕಾರರು ಕಳವಿನ ಪ್ರಸಂಗವನ್ನು ಬಣ್ಣಿಸುತ್ತಾರೆ, ದೀಕ್ಷೆಯ ಪ್ರಸಂಗವನ್ನು ಬಣ್ಣಿಸುತ್ತಾರೆ. ನಡುವಿನ ಓದಿನ ವರ್ಷಗಳನ್ನು ಹಾರಿಸಿಬಿಡುತ್ತಾರೆ. ನನಗೆ ಆ ವರ್ಷಗಳ ಮೇಲೆಯೇ ಕುತೂಹಲ.

ಆ ಕುತೂಹಲಕ್ಕೆ ಒಂದು ಕಾರಣವುಂಟು. ನಾನು ಮಠದ ಪಾಠಶಾಲೆಯಲ್ಲಿ ಅಮರಕೋಶ ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಸಾಲಿನಲ್ಲಿ ಸುಮಾರು ಮೂವತ್ತೈದು ವರ್ಷದ ಒಬ್ಬರು ಕುಳಿತುಕೊಳ್ಳುತ್ತಿದ್ದರು. ಹೊಲಮನೆ ತಮ್ಮಂದಿರಿಗೆ ಒಪ್ಪಿಸಿ ಬಂದವರು. ನಾವು ಹನ್ನೆರಡು ಹದಿಮೂರರ ಹುಡುಗರು ಒಂದು ಬೆಳಿಗ್ಗೆಯಲ್ಲಿ ಹತ್ತು ಶ್ಲೋಕ ಒಪ್ಪಿಸಿದರೆ ಅವರಿಂದ ಮೂರಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ, ನಗುತ್ತಿದ್ದೆವು. ಆದರೆ ಅರ್ಥ ಕೇಳುವಾಗ ಗುರುಗಳ ದೃಷ್ಟಿ ಅವರ ಕಡೆಗೇ ಹೋಗುತ್ತಿತ್ತು. ವಯಸ್ಸು ನೆನಪಿನ ಶಕ್ತಿಯಿಂದ ಒಂದಿಷ್ಟನ್ನು ಕಸಿದುಕೊಂಡರೂ ಗ್ರಹಿಸುವ ಶಕ್ತಿಗೆ ಅದನ್ನು ಸಲ್ಲಿಸುತ್ತದೆ.

ನುಲಿಯ ಚಂದಯ್ಯನವರ ಪ್ರಸಂಗವನ್ನು ಎತ್ತಿ ಕೆಲವರು ವಾದಿಸಬಹುದು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ, ಲಿಂಗವನ್ನೇ ಬಿಟ್ಟು ನಡೆದರು ಎಂಬ ಕಥೆ ಅದು. ಇದಕ್ಕಿಂತ ಕಾಯಕನಿಷ್ಠೆ ಬೇರೆ ಬೇಕೆ? ನಿಜ. ಆದರೆ ಆ ಪ್ರಸಂಗ ಹೇಳುವುದು ದುಡಿಮೆಯು ಪೂಜೆಗಿಂತ ಕಡಿಮೆಯಲ್ಲವೆಂಬುದನ್ನು. ಹುಲ್ಲು ಬಿಟ್ಟು ಬಿದಿರು ಹಿಡಿಯಬಾರದೆಂದು ಅಲ್ಲಿ ಎಲ್ಲಿಯೂ ಇಲ್ಲ.

ಇನ್ನು ಪತ್ರ ಬರೆದ ಬಂಧುಗಳ ಸಂಗತಿ. ಕೆಲಸ ಬಿಡುವುದಕ್ಕೆ ಮೂರು ಬಗೆಯ ಕಾರಣಗಳು ಸಾಮಾನ್ಯವಾಗಿ ಕಾಣುತ್ತವೆ: ಬೇಸರ, ಆಸೆ, ಅಂಜಿಕೆ. ಬೇಸರಕ್ಕೆ ಕೆಲಸ ಬಿಟ್ಟವರು ಹೊಸ ಕೆಲಸದಲ್ಲಿಯೂ ಬೇಸರಪಡುತ್ತಾರೆ. ಆಸೆಯ ವಿಷಯ ಹೇಳಬೇಕಾಗಿಲ್ಲ. ನಿಮ್ಮದು ನಾಲ್ಕನೆಯ ಬಗೆ, ವಿರಳವಾದುದು. ಮಾಡುವ ಕೆಲಸ ಸತ್ಯಶುದ್ಧವಲ್ಲವೆಂಬ ಅಳುಕು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ವೈದ್ಯರಿಗೆ ಉಡುಗೊರೆ ಕೊಡಬಾರದೆಂದು ಕೇಂದ್ರ ಸರ್ಕಾರವೇ 2024ರಲ್ಲಿ ಔಷಧ ಕಂಪನಿಗಳಿಗೆ ಏಕರೂಪದ ನಿಯಮಾವಳಿಯನ್ನು ಹೊರಡಿಸಿದೆ. ಆದುದರಿಂದ ನಿಮ್ಮ ಅಳುಕು ಕೇವಲ ಮನಸ್ಸಿನ ಸೂಕ್ಷ್ಮತೆಯಲ್ಲ. ಮೊದಲ ಹೆಜ್ಜೆಯಾಗಿ, ನಿಯಮವನ್ನು ಮುಂದಿಟ್ಟುಕೊಂಡು ಅದೇ ಕೆಲಸವನ್ನು ಶುದ್ಧವಾಗಿ ಮಾಡಲು ಸಾಧ್ಯವೇ ಎಂದು ಮೇಲಿನವರನ್ನು ಕೇಳಿರಿ. ಔಷಧದ ಗುಣವನ್ನು ವೈದ್ಯರಿಗೆ ತಿಳಿಸುವುದು ತನ್ನಷ್ಟಕ್ಕೆ ನಿಂದ್ಯವಾದ ಕೆಲಸವಲ್ಲ. ಎಲ್ಲ ಕಂಪನಿಗಳೂ ಒಂದೇ ಬಗೆಯವೆಂದು ಹೇಳುವುದೂ ನ್ಯಾಯವಲ್ಲ. ಸಾಧ್ಯವಿಲ್ಲವೆಂಬ ಉತ್ತರ ಬಂದರೆ, ಆಗ ಬಿಡುವುದು ಕಾಯಕವನ್ನು ತೊರೆದಂತಲ್ಲ. ಕಾಯಕವಲ್ಲದ ಒಂದನ್ನು ತೊರೆದಂತೆ.

ಆದರೆ ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ತಂದೆಯವರ ಅಭಿಪ್ರಾಯವಿದೆ, ಸ್ನೇಹಿತರ ಅಭಿಪ್ರಾಯವಿದೆ, ಹಳೆಯ ಶಿಕ್ಷಕರೊಬ್ಬರ ಆಶೀರ್ವಾದವೂ ಇದೆ. ನಿಮ್ಮ ಧರ್ಮಪತ್ನಿಯವರು ಒಂದು ಸೌಹಾರ್ದ ಸಹಕಾರಿಯಲ್ಲಿ ಗುಮಾಸ್ತೆಯಾಗಿ ತಿಂಗಳಿಗೆ 15 ಸಾವಿರ ತರುತ್ತಾರೆಂಬುದೂ ಇದೆ. ಅವರು ಈ ವಿಚಾರಕ್ಕೆ ಏನೆಂದರು ಎಂಬುದು ಒಂದು ಸಾಲಿನಲ್ಲಿಯೂ ಇಲ್ಲ.

ಆಯ್ದಕ್ಕಿ ಲಕ್ಕಮ್ಮನವರನ್ನು ಇಲ್ಲಿ ನೆನೆಯಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುವುದು ಅವರ ಕಾಯಕ. ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಹೊತ್ತಾಯಿತೆಂದು ಎಬ್ಬಿಸಿ ಕಳುಹಿಸಿದವರು ಲಕ್ಕಮ್ಮ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದವರೂ ಅವರೇ. ಮನೆಗೆ ಎಷ್ಟು ಬೇಕು ಎಂಬ ಅಳತೆ ಯಾರ ಕೈಯಲ್ಲಿತ್ತು ಎಂಬುದನ್ನು ಶೂನ್ಯಸಂಪಾದನೆ ನಮಗೆ ಸ್ಪಷ್ಟವಾಗಿ ತೋರಿಸುತ್ತದೆ. ಪತಿಯ ಆತ್ಮಶುದ್ಧಿಯ ವೆಚ್ಚವನ್ನು ಪತ್ನಿಯ ತಲೆಯ ಮೇಲೆ ಹೇಳದೆ ಕೇಳದೆ ಹೊರಿಸಿದರೆ ಆ ಶುದ್ಧಿಯಲ್ಲಿಯೇ ಒಂದು ಕಲೆ ಉಳಿಯುತ್ತದೆ. ಇಂದೇ ಸಂಜೆ ಇಬ್ಬರೂ ಕುಳಿತು ಲೆಕ್ಕ ಹಾಕಿರಿ.

ಲೆಕ್ಕದ ವಿಷಯದಲ್ಲಿ ನಾನು ದುರ್ಬಲ. ಮಠಕ್ಕೆ ಬರುವ ಲೆಕ್ಕಪರಿಶೋಧಕರೊಬ್ಬರನ್ನು ಕೂಡಿಸಿಕೊಂಡು ನಿಮ್ಮ ಪತ್ರದ ಅಂಕಿಗಳನ್ನು ನೋಡಿದೆ. ಮನೆಸಾಲದ ಕಂತೂ ಸೇರಿ ತಿಂಗಳ ಖರ್ಚು 38 ಸಾವಿರ ಎಂದಿದ್ದೀರಿ. ಪತ್ನಿಯವರ 15 ಸಾವಿರ ಕಳೆದರೆ ಕೊರತೆ 23 ಸಾವಿರ. ಬಿ.ಎಡ್. ಎರಡು ವರ್ಷದ್ದು, 24 ತಿಂಗಳಿಗೆ 5 ಲಕ್ಷ 52 ಸಾವಿರ. ಕಾಲೇಜಿನ ಶುಲ್ಕ ಇದರ ಹೊರಗೆ. 13 ವರ್ಷದ ಸೇವೆಗೆ ನಿಮಗೆ ಗ್ರ್ಯಾಚುಯಿಟಿ ಸಲ್ಲಬೇಕು: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20 ಸಾವಿರವೆಂದು ಹಿಡಿದರೆ ಒಂದು ವರ್ಷಕ್ಕೆ ಹದಿನೈದು ದಿನದ ವೇತನದಂತೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ, 1 ಲಕ್ಷ 50 ಸಾವಿರ ಬರುತ್ತದೆ. ಭವಿಷ್ಯನಿಧಿಯ ಹಣವನ್ನು ಪೂರ್ತಿ ತೆಗೆಯುವ ಆಲೋಚನೆ ಬೇಡವೆಂದು ಅವರ ಸಲಹೆ. ಪಿಂಚಣಿಗೆ 10 ವರ್ಷದ ಸೇವೆ ಬೇಕೆಂಬ ನಿಯಮವನ್ನು ನೀವು ದಾಟಿದ್ದೀರಿ, 58ರಲ್ಲಿ ಅಲ್ಪವಾದರೂ ಪಿಂಚಣಿ ಉಂಟು, ಅದನ್ನು ಕೆಡಿಸಿಕೊಳ್ಳಬಾರದು. ಒಟ್ಟಿನಲ್ಲಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಹಣ ಕೈಯಲ್ಲಿರದೆ ಈ ನದಿಗೆ ಇಳಿಯಬಾರದು. ಅದನ್ನು ಬಡ್ಡಿಗೆ ತಂದು ಓದುತ್ತೇನೆಂದರೆ ನನ್ನ ಸಮ್ಮತಿಯಿಲ್ಲ.

ಇನ್ನೂ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಬೇಕು. ಪದವಿಯಲ್ಲಿ ಎಷ್ಟು ಅಂಕ ಬಂದಿದೆಯೆಂದು ನೀವು ತಿಳಿಸಿಲ್ಲ, ಬಿ.ಎಡ್. ಪ್ರವೇಶಕ್ಕೆ ಸಾಮಾನ್ಯವಾಗಿ ಶೇಕಡಾ 50 ಬೇಕು. ಕೆಲಸ ಮಾಡುತ್ತಲೇ ಅಂಚೆಯ ಮೂಲಕ ಬಿ.ಎಡ್. ಮಾಡಬಹುದೆಂದು ಯಾರೋ ಹೇಳಿದರೆಂದಿದ್ದೀರಿ, ದೂರಶಿಕ್ಷಣದ ಬಿ.ಎಡ್. ಈಗಾಗಲೇ ಶಿಕ್ಷಕರಾಗಿರುವವರಿಗೆ ಮೀಸಲು, ನಿಮಗೆ ಅನ್ವಯಿಸುವುದಿಲ್ಲ. ‘ಹಾಜರಿ ನಾವು ನೋಡಿಕೊಳ್ಳುತ್ತೇವೆ, ಹಣ ಕಟ್ಟಿದರೆ ಸಾಕು’ ಎನ್ನುವ ಸಂಸ್ಥೆಗಳ ಕಡೆಗೆ ತಿರುಗಿಯೂ ನೋಡಬೇಡಿ. ಅಶುದ್ಧ ಕೆಲಸವನ್ನು ಬಿಟ್ಟು ಅಶುದ್ಧ ಪ್ರಮಾಣಪತ್ರದಿಂದ ಶಿಕ್ಷಕರಾಗುವುದು ಯಾವ ನ್ಯಾಯ? ಮೂರನೆಯದು ನೇಮಕಾತಿ. ಎಂಟನೆಯ ತರಗತಿಯವರೆಗೆ ಸರ್ಕಾರಿ ಶಿಕ್ಷಕರಾಗಲು ಟಿ.ಇ.ಟಿ. ಅರ್ಹತೆ ಬೇಕು. ಅದಕ್ಕೂ ಮಿಗಿಲಾಗಿ ಸರ್ಕಾರಿ ನೇಮಕಕ್ಕೆ ವಯೋಮಿತಿಯಿದೆ. ಬಿ.ಎಡ್. ಮುಗಿಯುವ ಹೊತ್ತಿಗೆ ನಿಮಗೆ ನಲವತ್ತು ದಾಟಿರುತ್ತದೆ. ಆದುದರಿಂದ ಸರ್ಕಾರಿ ಶಾಲೆಯ ಆಸೆಯನ್ನು ಬದಿಗಿಟ್ಟು, ಖಾಸಗಿ ಶಾಲೆಯ ಆರಂಭದ ಸಂಬಳದಲ್ಲಿ ಮನೆ ನಡೆಯುವುದೇ ಎಂದು ಕೇಳಿಕೊಳ್ಳಿ. ಆ ಸಂಬಳ ಎಷ್ಟೆಂದು ನಿಮ್ಮೂರಿನ ಎರಡು ಶಾಲೆಗಳಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ತಿಳಿದ ಮೇಲೆ ಒಂದು ರಾತ್ರಿ ನಿದ್ದೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಇಷ್ಟನ್ನು ಓದಿ ನಾನು ನಿಮ್ಮನ್ನು ಹಿಮ್ಮೆಟ್ಟಿಸುತ್ತಿದ್ದೇನೆಂದು ಭಾವಿಸಬೇಡಿ. ಫ.ಗು. ಹಳಕಟ್ಟಿಯವರನ್ನು ನೋಡಿರಿ. 1904ರಲ್ಲಿ ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದವರು. ವಚನಗಳ ಓಲೆಗರಿಗಳನ್ನು ಹುಡುಕಿ ಮನೆಮನೆ ಅಲೆದರು. ಹಾಗೆಂದು ಕರಿಯ ಕೋಟನ್ನು ಮೊದಲ ದಿನವೇ ಗೂಟಕ್ಕೆ ನೇತುಹಾಕಲಿಲ್ಲ. ವಕೀಲಿಯ ಗಳಿಕೆಯೇ ಎಷ್ಟೋ ವರ್ಷ ಈ ಕೆಲಸಕ್ಕೆ ಎಣ್ಣೆಯಾಯಿತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ವಕೀಲಿ ಹಿಂದೆ ಸರಿದದ್ದು ಹೀಗೆ ಒಂದೊಂದೇ ಮೆಟ್ಟಿಲಾಗಿ. ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರೆಂದು ಅಭಿಮಾನದಿಂದ ಹೇಳುತ್ತೇವೆ. ಆ ಮನೆಯೊಳಗಿದ್ದವರು ಎಲ್ಲಿಗೆ ಹೋದರು, ಏನು ಉಂಡರು ಎಂದು ಕೇಳುವವರು ಕಡಿಮೆ. ಅವರ ತ್ಯಾಗಕ್ಕೆ ನಾಡೇ ಋಣಿ. ಎಲ್ಲ ಗೃಹಸ್ಥರೂ ಹಾಗೆಯೇ ಮಾಡಬೇಕೆಂದು ನಾನು ಬರೆಯಲಾರೆ. ಆದರೆ ಹಳೆಯ ದುಡಿಮೆಯ ಬಲದಿಂದ ಹೊಸದನ್ನು ಕಟ್ಟಿದ ಆ ಇಪ್ಪತ್ತು ವರ್ಷಗಳ ಕ್ರಮವನ್ನು ಯಾರಾದರೂ ಕಲಿಯಬಹುದು.

ನಿಮಗೆ ನನ್ನ ಸಲಹೆ ಇದು. ಈಗಲೇ ರಾಜೀನಾಮೆ ಬೇಡ. ನಿಮ್ಮ ಊರಿನ ಸಮೀಪದ ಮಠದ ಪ್ರಸಾದ ನಿಲಯದಲ್ಲಿ ಎಸ್.ಎಸ್.ಎಲ್.ಸಿ. ಓದುವ ಮಕ್ಕಳಿರುತ್ತಾರೆ, ವಾರಕ್ಕೆ ಎರಡು ಸಂಜೆ ಅವರಿಗೆ ವಿಜ್ಞಾನ ಹೇಳಿಕೊಡುತ್ತೇನೆಂದು ಕೇಳಿರಿ, ಬೇಡವೆನ್ನುವವರಿಲ್ಲ. ಒಂದು ಪೂರ್ತಿ ವರ್ಷ ಹೇಳಿಕೊಡಿ. ಬೆಳಕಿನ ವಕ್ರೀಭವನವನ್ನು ಮೂರನೆಯ ಸಲ ವಿವರಿಸಿದ ಮೇಲೂ ಹಿಂದಿನ ಬೆಂಚಿನ ಹುಡುಗ ಬಾಯಿ ತೆರೆದು ಕುಳಿತಾಗ ನಿಮಗೆ ಸಿಟ್ಟು ಬರುತ್ತದೆಯೋ, ನಾಲ್ಕನೆಯ ದಾರಿ ಹೊಳೆಯುತ್ತದೆಯೋ ನೋಡಿಕೊಳ್ಳಿ. ಅದೇ ವರ್ಷದಲ್ಲಿ ಖರ್ಚು ತಗ್ಗಿಸಿ, ಆ ನಾಲ್ಕು ಲಕ್ಷದ ಕಡೆಗೆ ಕೂಡಿಸುತ್ತ ಹೋಗಿ. ಉಡುಗೊರೆಯ ಚೀಲವನ್ನು ಮಾತ್ರ ನಾಳೆಯಿಂದಲೇ ಮುಟ್ಟಬೇಡಿ. ವ್ಯಾಪಾರ ಇಳಿದರೆ ಇಳಿಯಲಿ. ಅದರಿಂದ ಕೆಲಸವೇ ಹೋದರೆ ಲೆಕ್ಕದ ಕಾಗದ ಹೇಗೂ ಸಿದ್ಧವಿರುತ್ತದೆ, ಪತ್ನಿಯವರ ಒಪ್ಪಿಗೆಯೂ ಅದರ ಮೇಲಿರಲಿ.

ಇನ್ನು ಎರಡನೆಯ ಪತ್ರದ ತಾಯಿಯವರಿಗೆ. ನಿಮ್ಮ ವಿಷಯದಲ್ಲಿ ನನಗೆ ಇಷ್ಟು ತೂಗಿ ನೋಡುವ ಅಗತ್ಯ ಕಾಣುವುದಿಲ್ಲ. ಓದಿರಿ.

ನಮ್ಮ ಸಮಾಜ ವಿದ್ಯೆಗಾಗಿ ಮಾಡಿದ ತ್ಯಾಗ ಅಲ್ಪವಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮಹನೀಯರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದಕ್ಕೂ ಮೊದಲು, 1910ರಲ್ಲಿ, ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ್ದರು. ಮಠಗಳು ಜೋಳಿಗೆ ಹಿಡಿದು ಧಾನ್ಯ ಕೂಡಿಸಿ ಉಚಿತ ಪ್ರಸಾದ ನಿಲಯಗಳನ್ನು ನಡೆಸಿದವು. ನಾನೂ ಆ ಜೋಳಿಗೆಯ ಅನ್ನ ಉಂಡವನೇ. ಆದರೆ ಆ ಪಂಕ್ತಿಗಳಲ್ಲಿ ಬಹುಕಾಲ ಕುಳಿತವರು ಹುಡುಗರು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಕೊಟ್ಟ ಧರ್ಮ ನಮ್ಮದೆಂದು ವೇದಿಕೆಯ ಮೇಲೆ ಹೇಳುತ್ತೇವೆ, ಬಿ.ಎ. ಎರಡನೆಯ ವರ್ಷದಲ್ಲಿದ್ದ ಹುಡುಗಿಯ ಪುಸ್ತಕವನ್ನು ಮುಚ್ಚಿಸಿ ಮದುವೆಯ ಮಂಟಪಕ್ಕೆ ಕರೆತರುತ್ತೇವೆ. 2002ರಲ್ಲಿ ನಿಮ್ಮಿಂದ ತೆಗೆದುಕೊಂಡದ್ದನ್ನು ಈಗ ಹಿಂದಿರುಗಿಸಲು ಮನೆಯವರಿಗೆ ಒಂದು ಅವಕಾಶ ಒದಗಿದೆ.

ನಡೆಯಬೇಕಾದ ದಾರಿಯನ್ನು ಹೇಳುತ್ತೇನೆ. ಪದವಿಯನ್ನು ಇಷ್ಟು ವರ್ಷದೊಳಗೆ ಪೂರೈಸಬೇಕೆಂದು ವಿಶ್ವವಿದ್ಯಾಲಯಗಳು ಗರಿಷ್ಠ ಅವಧಿಯನ್ನು ಗೊತ್ತುಪಡಿಸಿರುತ್ತವೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಹಳೆಯ ಎರಡು ವರ್ಷ ಲೆಕ್ಕಕ್ಕೆ ಬರುವುದು ಕಷ್ಟ. ಮೊದಲನೆಯ ವರ್ಷದಿಂದಲೇ ಎಂದು ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಸ್ಥಾಪನೆಯಾದುದು, ಜಿಲ್ಲೆಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ, ಕನ್ನಡದಲ್ಲಿಯೇ ಬಿ.ಎ. ಓದಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ಇದೆ. ಎಲ್ಲಿಯೇ ಸೇರಿದರೂ ಆ ವರ್ಷಕ್ಕೆ, ಆ ಪದವಿಗೆ ಯು.ಜಿ.ಸಿ.ಯ ಮಾನ್ಯತೆಯಿದೆಯೇ ಎಂದು ಶುಲ್ಕ ಕಟ್ಟುವ ಮೊದಲು ಮಗಳಿಂದ ಪರೀಕ್ಷಿಸಿಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿ, 2018ರಲ್ಲಿ ಅದನ್ನು ಮರಳಿ ನೀಡಿತು. ನಡುವಿನ ಕಾಲದಲ್ಲಿ ಓದಿದ ಮಕ್ಕಳು ಪಟ್ಟ ಪಾಡು ಚಿಕ್ಕದಲ್ಲ.

‘ಯಾವ ನೌಕರಿಗೆ?’ ಎಂಬ ಅತ್ತೆಯವರ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂರಬೇಡಿ. ನೌಕರಿ ದೊರೆತೀತು, ದೊರೆಯದಿದ್ದೀತು. ಮಗನಿಗೆ ಪಿ.ಯು.ಸಿ. ಓದಿಸುವಾಗ ಈ ಪ್ರಶ್ನೆಯನ್ನು ಅವರು ಕೇಳಿದ್ದರೇ? ಅದನ್ನು ಹಾಗೆಯೇ ಮುಖಕ್ಕೆ ಹೇಳಬೇಡಿ, ಹಿರಿಯರು ನೊಂದಾರು. ಅವರ ಪ್ರಶ್ನೆಯ ಹಿಂದೆ ಬೇರೊಂದು ಪ್ರಶ್ನೆಯಿದೆಯೆಂದು ನನ್ನ ಊಹೆ: ಸಂಜೆಯ ರೊಟ್ಟಿ ಯಾರು ಬಡಿಯುತ್ತಾರೆ? ಅದು ನ್ಯಾಯವಾದ ಪ್ರಶ್ನೆ, ಉತ್ತರವೂ ಸುಲಭ. ಮನೆಯಲ್ಲಿ ಇನ್ನೂ ನಾಲ್ವರಿದ್ದಾರೆ. ಪರೀಕ್ಷೆಯ ತಿಂಗಳಲ್ಲಿ ಯಜಮಾನರು ಅಡುಗೆಮನೆಗೆ ಬಂದರೆ ಅವರ ಶಿವಪೂಜೆಗೆ ಭಂಗ ಬರುವುದಿಲ್ಲ. ಐಚ್ಛಿಕವಾಗಿ ಕನ್ನಡವನ್ನು ಆರಿಸಿಕೊಂಡರೆ ವಚನಗಳು ಪಠ್ಯವಾಗಿ ಬರುವುದು ಖಂಡಿತ. ಸಂಜೆ ಅತ್ತೆಯವರ ಬಳಿ ಕುಳಿತು ಗಟ್ಟಿಯಾಗಿ ಓದಿರಿ. ಕೇಳಿ ಕಲಿತವರಲ್ಲಿ ಎಷ್ಟೋ ಸಲ ನಮ್ಮ ಪುಸ್ತಕಗಳಲ್ಲಿ ಇಲ್ಲದ ಅರ್ಥಗಳಿರುತ್ತವೆ.

ಕೊನೆಗೆ, ಮಗನ ಪತ್ರದಡಿಯಲ್ಲಿ ಬರೆದ ಹಿರಿಯರಿಗೆ. ಶರಣರೆ, ತಾವು ಕೇಳಿದಂತೆ ಬರೆಯಲು ನನ್ನಿಂದ ಆಗಲಿಲ್ಲ. ತಾವು ಒಂದೇ ಹತ್ತಿ ಗಿರಣಿಯಲ್ಲಿ 31 ವರ್ಷ ದುಡಿದು, ಆ ದುಡಿಮೆಯಿಂದ ನಾಲ್ಕು ಮಕ್ಕಳನ್ನು ಓದಿಸಿದವರೆಂದು ಮಗ ಹೆಮ್ಮೆಯಿಂದ ಬರೆದಿದ್ದಾರೆ. ಆ ಗಿರಣಿ ಮುಚ್ಚಿದ ಮೇಲೆ ಎರಡು ವರ್ಷ ಮನೆ ಹೇಗೆ ನಡೆಯಿತೆಂಬುದನ್ನೂ ಬರೆದಿದ್ದಾರೆ. ಆ ಎರಡು ವರ್ಷಗಳನ್ನು ಕಂಡವರಿಗೆ, ನಡೆಯುತ್ತಿರುವ ಸಂಬಳವನ್ನು ಮಗ ತಾನಾಗಿಯೇ ಬಿಡುತ್ತೇನೆಂದಾಗ ಎದೆ ನಡುಗುವುದು ಸಹಜ. ಆದರೆ ಆಗ ತಾವು ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಐವತ್ತರ ಮೇಲಿನ ವಯಸ್ಸಿನಲ್ಲಿ ತಕ್ಕಡಿ ಹಿಡಿಯುವುದನ್ನು ಕಲಿತು ಕಿರಾಣಿ ಅಂಗಡಿ ಹಾಕಿದಿರಿ. ಅಂಗಡಿ ಈಗಲೂ ನಡೆದಿದೆಯಂತೆ. ಕಾಯಕ ಬದಲಿಸಿದವರೊಬ್ಬರು ಆ ಮನೆಯಲ್ಲಿ ಈಗಾಗಲೇ ಇದ್ದಾರೆ.

ಮಗ ಪ್ರಸಾದ ನಿಲಯಕ್ಕೆ ಪಾಠ ಹೇಳಲು ಹೋಗತೊಡಗಿದರೆ, ಒಂದು ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ತಾವೂ ಹೋಗಿ ಹಿಂದೆ ಒಂದು ಚಾಪೆಯ ಮೇಲೆ ಕುಳಿತು ನೋಡಿ ಬನ್ನಿ. ನೋಡಿದ್ದನ್ನು ನನಗೆ ಒಂದು ಕಾರ್ಡಿನಲ್ಲಿ ಬರೆಯಿರಿ.